ಮುದ್ದೆಗೆ ಮುಂಚೆ ಒಂದು ಸಾಲು

ಶಿರಂಗಾಲದ ಸುತ್ತಮುತ್ತ ಸರ್ಕಾರದ ಹತ್ತಿರ ಏನಾದರೂ ಕೇಳಿಕೊಳ್ಳಬೇಕಾದವರೆಲ್ಲ ಮೊದಲು ಸಣ್ಣಸ್ವಾಮಿಯ ಜಗಲಿಗೆ ಬರುತ್ತಿದ್ದರು. ಅವನು ಹಾಸನದ ಕಡೆ ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ಒಕ್ಕಣೆಯಂತೂ ಕೇಳುವುದೇ ಬೇಡ. ಕಳೆದುಹೋದ ಎಮ್ಮೆಯ ವಿಷಯ ಬರೆಯುವುದಿದ್ದರೂ 'ಮಹಾರಾಜಶ್ರೀ ಘನವೆತ್ತ ಪ್ರಭುಗಳ ದಿವ್ಯ ಸನ್ನಿಧಾನಕ್ಕೆ' ಎಂದು ಶುರುಮಾಡುತ್ತಿದ್ದ. ಎಮ್ಮೆ ಬರುವ ಹೊತ್ತಿಗೆ ಎರಡನೆಯ ಹಾಳೆಯಾಗಿರುತ್ತಿತ್ತು. ಬರೆಸಿದವರು ಓದಿಸಿ ಕೇಳಿ, ತಮಗೆ ಇಷ್ಟೊಂದು ಕಷ್ಟ ಬಂದಿದೆಯೆಂದು ಆಗಲೇ ಗೊತ್ತಾದವರಂತೆ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಯಾರಿಂದಲೂ ಕಾಸು ಮುಟ್ಟಿದವನಲ್ಲ. ಒಂದು ಲೋಟ ಕಾಫಿ, ನಾಲ್ಕು ಮಾತಿನ ಹೊಗಳಿಕೆ ಸಿಕ್ಕಿದರೆ ಅವನಿಗೆ ಸಾಕಾಗಿತ್ತು.

ಇನ್ನು ಮನೆಯ ಕೆಲಸಕ್ಕೆ ಬಂದರೆ, ಕೊಟ್ಟಿಗೆಗೆ ಎರಡು ವರ್ಷದಿಂದ ಮೂರೇ ಗೋಡೆ. ಹಿತ್ತಲ ಬೇಲಿ ನುಗ್ಗೆಮರದವರೆಗೆ ಬಂದು ನಿಂತಿತ್ತು. ಅಲ್ಲಿಂದ ಮುಂದೆ ಊರ ದನಗಳಿಗೆ ರಾಜಮಾರ್ಗ. ಯಾವುದನ್ನು ಕೇಳಿದರೂ ಅವನದು ಒಂದೇ ಉತ್ತರ: "ನಾಳೆ ಮುಗಿಸ್ಬುಡ್ತೀನಿ ಕಣವ್ವ." ಅವನ ತಾಯಿ ರಾಮಮ್ಮ ಆ ನಾಳೆಗಳನ್ನು ಕೇಳಿ ಕೇಳಿ ಕಿವಿ ತೂತು ಬಿದ್ದಿದೆ ಎನ್ನುತ್ತಿದ್ದಳು.

ಆ ಮನೆಯಲ್ಲಿ ಐದು ಜನ. ಅರವತ್ತು ದಾಟಿದ ರಾಮಮ್ಮ, ದೊಡ್ಡ ಮಗ ಸಣ್ಣಸ್ವಾಮಿ, ಅವನ ಹೆಂಡತಿ ವಿಶಾಲಾಕ್ಷಮ್ಮ, ಇನ್ನೂ ಮದುವೆಯಾಗದ ಚಿಕ್ಕ ಮಗ ನಾಗರಾಜು, ಊರ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದ ಮೊಮ್ಮಗಳು ಮುತ್ತಮ್ಮ. ಹದಿನಾಲ್ಕು ವರ್ಷದ ಹಿಂದೆ ಹಾಸನದ ಸೀಮೆಯಿಂದ ಗಾಡಿ ಕಟ್ಟಿಕೊಂಡು ಬಂದವರು, ಅಂದಿನಿಂದಲೂ ಇನ್ನೊಬ್ಬರ ಗದ್ದೆಯನ್ನು ವಾರಕ್ಕೆ ಮಾಡುತ್ತಿದ್ದರು. ಬೆಳೆದದ್ದರಲ್ಲಿ ಅರ್ಧ ಯಜಮಾನರಿಗೆ, ಅರ್ಧ ಇವರಿಗೆ. ಈಗ ಆ ಯಜಮಾನರು, ಮುಂದಿನ ವರ್ಷದಿಂದ ತಮ್ಮ ಮಗನೇ ಬೇಸಾಯಕ್ಕಿಳಿಯುತ್ತಾನೆ, ಗದ್ದೆ ಬಿಟ್ಟುಕೊಡಬೇಕು ಎಂದು ಹೇಳಿ ಕಳಿಸಿದ್ದರು. ಹಾಗಾಗಿ ಸಣ್ಣಸ್ವಾಮಿ ಊರಾಚೆಯ ಪೈಸಾರಿಯಲ್ಲಿ, ಎಂದರೆ ಸರ್ಕಾರದ ಪಾಳು ಜಮೀನಿನಲ್ಲಿ, ಆರು ಎಕರೆ ಕೇಳಿ ಅರ್ಜಿ ಹಾಕಿದ್ದ. ತನಗಾಗಿಯೇ ಬರೆದುಕೊಂಡ ಮೊದಲ ಅರ್ಜಿ ಅದು. ನಾಲ್ಕು ಹಾಳೆ ತುಂಬಿತ್ತು.

ಕೊಡಗಿಗೆ ಇನ್ನೂ ಅದರದೇ ಮಂತ್ರಿಗಳಿದ್ದ ಕಾಲ. ಯುಗಾದಿ ಕಳೆದ ವಾರಕ್ಕೆ ಜವಾಬು ಬಂತು. ಮಧ್ಯಾಹ್ನ ಎಲ್ಲರೂ ಉಣ್ಣಲು ಕೂತಿದ್ದರು. ಸಣ್ಣಸ್ವಾಮಿ ಎಡಗೈಯಲ್ಲಿ ಕಾಗದ ಹಿಡಿದು, ಗಂಟಲು ಸರಿಮಾಡಿಕೊಂಡು ಓದಿದ.

"ಆರು ಎಕರೆ ಮಂಜೂರು ಮಾಡಿದೆ!"

ವಿಶಾಲಾಕ್ಷಮ್ಮನ ಕೈಯ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು. ರಾಮಮ್ಮ ಕೈ ಮುಗಿದು ಮೇಲೆ ನೋಡಿದಳು. ಅವಳ ಗಂಡ ಈ ನೆಲಕ್ಕೆ ಬಂದ ನಾಲ್ಕನೆಯ ವರ್ಷ, ಯಾರದೋ ಬದುವಿನ ಮೇಲೆ ಕುಸಿದು ಸತ್ತಿದ್ದ. ನಮ್ಮದು ಎನ್ನುವ ಮಣ್ಣಿಲ್ಲದೆ ಹೋದನಲ್ಲ ಎನ್ನುವುದು ಅವಳಿಗೆ ಇಂದಿಗೂ ಆರದ ನೋವು.

"ಅಷ್ಟೇನಾ? ಕಾಗದ ತುಂಬಾ ಬರ್ದವ್ರೆ," ಎಂದಳು.

"ಮಿಕ್ಕಿದ್ದೆಲ್ಲ ಸರ್ಕಾರಿ ಮಾಮೂಲು ಕಣವ್ವ."

"ಮುತ್ತಿ, ನೀನೊಂದ್ಸಲ ಓದವ್ವ."

ಮುತ್ತಮ್ಮ ಅಪ್ಪನ ಮುಖ ನೋಡಿದಳು. ಅಪ್ಪ ಮುದ್ದೆ ಮುರಿಯುವುದರಲ್ಲಿ ಮಗ್ನನಾದ. ಅವಳು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. "ಅರ್ಜಿದಾರನು ಆರು ಎಕರೆಯನ್ನೂ ತಾನೊಬ್ಬನೇ ಕಡಿದು, ಹಸನು ಮಾಡಿ, ಉತ್ತಿರುವುದಾಗಿ ಹೇಳಿಕೊಂಡಿರುವುದರಿಂದ, ಬರುವ ದೀಪಾವಳಿ ಕಳೆದ ನಂತರ ಸ್ಥಳ ತನಿಖೆ ಮಾಡಲಾಗುವುದು. ಆರು ಎಕರೆಯಲ್ಲೂ ಬೆಳೆ ಇರತಕ್ಕದ್ದು. ಹೇಳಿಕೆ ಸುಳ್ಳೆಂದು ಕಂಡುಬಂದಲ್ಲಿ ಮಂಜೂರಾತಿಯನ್ನು ಪೂರ್ತಿ ರದ್ದು ಮಾಡಲಾಗುವುದು."

ಆ ಆರು ಎಕರೆಯಲ್ಲಿ ಆಳೆತ್ತರದ ಲಂಟಾನ, ತೊರೆಯ ಕಡೆಗೆ ಮುಳ್ಳುಬಿದಿರಿನ ದೊಡ್ಡ ದೊಡ್ಡ ಮೆಳೆ. ಒಂದು ಸೆಂಟು ನೆಲವೂ ಹಸನಾಗಿರಲಿಲ್ಲ.

"ಎಲ್ಲಣ್ಣ ಉತ್ತಿದ್ದು ನೀನು?" ನಾಗರಾಜು ಕೇಳಿದ. "ಕನಸ್ನಾಗಾ?"

"ಅರ್ಜೀಲಿ ಹಂಗೆ ಬರೀಬೇಕು ಕಣ್ಲಾ. ಬರೀದಿದ್ರೆ ಯಾರ್ ಕೊಡ್ತಾರೆ? ದೀಪಾವಳಿಗೆ ಇನ್ನೂ ಏಳು ತಿಂಗ್ಳೈತೆ. ಅಷ್ಟ್ರೊಳ್ಗೆ..."

"ಅಷ್ಟ್ರೊಳ್ಗೆ ಕೊಟ್ಗೆ ನಾಕನೇ ಗ್ವಾಡೆನೂ ಎದ್ದು ನಿಂತ್ಕೊಂಡ್‌ಬುಡ್ತದೆ." ನಾಗರಾಜು ತಟ್ಟೆಯಲ್ಲೇ ಕೈ ತೊಳೆದ. "ನಂಗಂತೂ ಇದ್ರ ಮ್ಯಾಲೆ ಆಸೆ ಇಲ್ಲ. ಪೊನ್ನಂಪೇಟೆ ಕಡೆ ಎಸ್ಟೇಟಿಗೆ ಹೋಯ್ತೀನಿ. ಲೈನ್‌ಮನೆ ಕೊಡ್ತಾರೆ, ವಾರಕ್ಕೊಂದ್ಸಲ ಕೂಲಿ ಕೊಡ್ತಾರೆ."

"ಹೋಗು, ಹೋಗು! ಒಬ್ಬ ಸುಳ್ಳು ಬರ್ಕೊಂಡು ಕೂತ್ಕಳ್ಳಿ, ಇನ್ನೊಬ್ಬ ಗಂಟು ಕಟ್ಲಿ. ಮಣ್ಣಿಗೆ ನನ್ನೊಬ್ಬಳ್ನ ಹಾಕಿ!" ರಾಮಮ್ಮನ ದನಿ ಬೀದಿಗೆ ಕೇಳಿಸಿತು. ವಿಶಾಲಾಕ್ಷಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆ ದಿನ ಸಾರು ಅರ್ಧಕ್ಕರ್ಧ ಉಳಿಯಿತು.

ಸಂಜೆ ರಾಮಮ್ಮ ಮೊಮ್ಮಗಳ ಚೀಲದಿಂದ ಬರೆಯದ ಒಂದು ಪುಸ್ತಕ ತೆಗೆದು ಮಗನ ಮುಂದಿಟ್ಟಳು.

"ಊರೋರಿಗೆಲ್ಲ ಹಾಳೆಗಟ್ಲೆ ಬರೀತೀಯಲ್ಲ. ನಾಳಿಂದ ನಿಂದು ಬರಿ. ದಿನಾ ಒಂದೇ ಸಾಲು. ಹೊಲ್ದಾಗೆ ಇವತ್ತು ಏನ್ ಮಾಡ್ದೆ ಅಂತ. ಮುತ್ತಿ ಓದ್ತಾಳೆ, ನಾನು ಕೇಳ್ತೀನಿ. ಆಮ್ಯಾಕೆ ಮುದ್ದೆ."

"ಇದೇನವ್ವ, ನಾನೇನು ಇಸ್ಕೂಲ್ ಮಗೀನಾ?"

"ಇಸ್ಕೂಲ್ ಮಗು ಆಗಿದ್ರೆ ಮೇಷ್ಟ್ರಿಗಾದ್ರೂ ಹೆದರ್ತಿದ್ದೆ."

ಸಣ್ಣಸ್ವಾಮಿ ನಕ್ಕ. ಒಂದು ಸಾಲು ತನಗೆ ಯಾವ ಲೆಕ್ಕ ಎಂದುಕೊಂಡ. ಮರುದಿನ ಸಂಜೆ ಟಾಕನ್ನು ಮಸಿಯಲ್ಲಿ ಅದ್ದಿ, ತೊಡೆಯ ಮೇಲೆ ಪುಸ್ತಕವಿಟ್ಟು ಬರೆದೇಬಿಟ್ಟ. ಮುತ್ತಮ್ಮ ಓದಿದಳು. "ಈ ದಿನ ಸೂರ್ಯೋದಯಕ್ಕೆ ಮುಂಚಿತವಾಗಿ ಎದ್ದು, ಭೂಮಾತೆಗೆ ಸಾಷ್ಟಾಂಗ ವಂದಿಸಿ, ಘೋರವಾದ ಕಂಟಕವನಕ್ಕೆ ಏಕಾಂಗಿಯಾಗಿ ಪ್ರವೇಶಿಸಿ..."

"ತಡಿ," ಎಂದಳು ರಾಮಮ್ಮ. "ಎಷ್ಟ್ ಪೊದೆ ಕಡ್ದೆ?"

ಸಣ್ಣಸ್ವಾಮಿ ಕೆಮ್ಮಿದ. "ಎರಡು."

"ಹಂಗಾರೆ ಎರಡು ಅಂತ ಬರಿ."

ವಿಶಾಲಾಕ್ಷಮ್ಮ ಒಲೆಯ ಕಡೆ ತಿರುಗಿಕೊಂಡಳು. ಅವಳ ಬೆನ್ನು ನಗುತ್ತಿತ್ತು. ಸಣ್ಣಸ್ವಾಮಿ ಬರೆದದ್ದನ್ನು ಹೊಡೆದುಹಾಕಿ, 'ಎರಡು ಪೊದೆ ಕಡಿದೆ' ಎಂದು ಬರೆದ. ಅಷ್ಟು ಅಂದವಾದ ಅಕ್ಷರದಲ್ಲಿ ಅಷ್ಟು ಬಡವಾದ ವಾಕ್ಯವನ್ನು ಅವನು ಜನ್ಮದಲ್ಲಿ ಬರೆದಿರಲಿಲ್ಲ. ಮುದ್ದೆ ಸಿಕ್ಕಿತು.

ಒಂದು ವಾರದಲ್ಲಿ ಅವನೊಂದು ಉಪಾಯ ಕಂಡುಕೊಂಡ. ಬೆಳಿಗ್ಗೆಯೇ ಬರೆದಿಟ್ಟುಬಿಡುವುದು. ಎದ್ದವನೇ 'ಹತ್ತು ಮಾರು ಉದ್ದ ಲಂಟಾನ ಕಡಿದೆ' ಎಂದು ಬರೆದು, ಪುಸ್ತಕವನ್ನು ಗೂಡಿನಲ್ಲಿಟ್ಟು ಮಚ್ಚು ಹೆಗಲಿಗೆ ಹಾಕಿಕೊಂಡ. ಕಡಿಯುವ ಮನಸ್ಸು ನಿಜವಾಗಿಯೂ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಗಿಲಲ್ಲೇ ಗಂಗಣ್ಣ ಸಿಕ್ಕಿದ. ಗಂಗಣ್ಣನಿಗೂ ಪೈಸಾರಿಯಲ್ಲಿ ನಾಲ್ಕು ಎಕರೆ ಬೇಕಿತ್ತು. "ಸ್ವಾಮಣ್ಣ, ನಿನ್ ಕೈನಾಗೆ ಬರ್ಸಿದ್ರೇನೇ ಕಳೆ ಕಣಪ್ಪ," ಎಂದ. ಆ ಮಾತು ಮುಗಿಯುವಷ್ಟರಲ್ಲಿ ಮಚ್ಚು ಮೂಲೆ ಸೇರಿತು. ಅರ್ಜಿ ಬರೆದು, ಅದನ್ನು ಹಾಕಿಬರಲು ಗಂಗಣ್ಣನ ಜೊತೆಗೇ ಕುಶಾಲನಗರಕ್ಕೆ ಹೋಗಿ, ಹೋಟೆಲಿನಲ್ಲಿ ದೋಸೆ ತಿಂದು ಬರುವಾಗ ಹೊತ್ತು ಮುಳುಗಿತ್ತು.

"ಹತ್ತು ಮಾರು ಉದ್ದ ಲಂಟಾನ ಕಡಿದೆ," ಎಂದು ಮುತ್ತಮ್ಮ ಓದಿದಳು.

"ನಾನು ದನ ಹೊಡ್ಕೊಂಡು ಅದೇ ದಾರೀಲಿ ಬಂದೆ," ಎಂದ ನಾಗರಾಜು. "ಒಂದು ಕಡ್ಡಿ ಬಿದ್ದಿಲ್ಲ."

ರಾಮಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಸಣ್ಣಸ್ವಾಮಿಗೆ ಸುಲಭವಾಗುತ್ತಿತ್ತು; ಅವನೂ ನಾಲ್ಕು ಮಾತಾಡಿ ಮಗ್ಗುಲು ಬದಲಿಸುತ್ತಿದ್ದ. ಅವಳು ಅವನ ತಟ್ಟೆಯ ಮುದ್ದೆಯನ್ನು ಎತ್ತಿ ಮತ್ತೆ ಮಡಕೆಗೆ ಹಾಕಿ, ಮುಚ್ಚಿದಳು.

"ಆಗದೇ ಇರೋದ್ನ ಆಯ್ತು ಅಂತ ಬರ್ದೇ ಅಲ್ವೇನ್ಲಾ ನಾವು ಈ ಗತಿಗೆ ಬಂದಿದ್ದು? ಏನೂ ಮಾಡ್ದಿದ್ರೆ ಏನೂ ಇಲ್ಲ ಅಂತ ಬರಿ. ಅದ್ಕೂ ಮುದ್ದೆ ಇಕ್ತೀನಿ. ಸುಳ್ಳಿಗೆ ಇಕ್ಕಾಕಿಲ್ಲ."

"ಅತ್ತೆ, ದಿನಾ ದುಡಿಯೋ ಮನ್ಸ..." ಎಂದು ವಿಶಾಲಾಕ್ಷಮ್ಮ ಬಾಯಿ ತೆಗೆದಳು.

"ದಿನಾ ದುಡಿದಿದ್ರೆ ನಾನ್ಯಾಕವ್ವ ಹಿಂಗಾಡ್ತಿದ್ದೆ?"

ಸಣ್ಣಸ್ವಾಮಿ ಎದ್ದು ಹೋಗಿ ಜಗಲಿಯಲ್ಲಿ ಕೂತ. ಮಗಳ ಎದುರಿಗೆ ಹೀಗಾಯಿತಲ್ಲ ಎಂದು ಅವನಿಗೆ ಸಿಟ್ಟೂ ಅವಮಾನವೂ ಆಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು ಪುಸ್ತಕ ತೆಗೆದ. ನಾಲ್ಕು ಹಾಳೆ ಅರ್ಜಿಯನ್ನು ಒಂದೇ ಉಸಿರಿಗೆ ಬರೆಯುವವನಿಗೆ ಆ ಎರಡು ಪದ ಬರೆಯಲು ಬಹಳ ಹೊತ್ತು ಹಿಡಿಯಿತು. 'ಏನೂ ಮಾಡಲಿಲ್ಲ.' ಮುತ್ತಮ್ಮ ಅದನ್ನು ತೀರ ಮೆಲ್ಲಗೆ ಓದಿದಳು. ರಾಮಮ್ಮ ಮಡಕೆಯ ಮುಚ್ಚಳ ತೆಗೆದಳು.

ಮರುದಿನವೂ ಯಾರದೋ ಅರ್ಜಿ. ಅದರ ಮಾರನೆಯ ದಿನ ತಲೆನೋವು. ಎರಡು ಸಂಜೆಯೂ ಅವನು 'ಏನೂ ಮಾಡಲಿಲ್ಲ' ಎಂದೇ ಬರೆದ. ಒಂದರ ಕೆಳಗೊಂದು ಮೂರು ಸಾಲಾದವು. ನಾಲ್ಕನೆಯ ದಿನ ಸಂಜೆ ಬಿಸಿಲು ಇಳಿಯುವಾಗ ಅವನು ಜಗಲಿಯಿಂದ ದಡಕ್ಕನೆ ಎದ್ದ.

"ಎಲ್ಲಿಗೆ ಹೊಂಟ್ರಿ?" ವಿಶಾಲಾಕ್ಷಮ್ಮ ಕೇಳಿದಳು.

"ಹೊಲಕ್ಕೆ."

"ಈ ಹೊತ್ನಾಗ?"

"ಸಂಜೆಗೆ ಬರೆಯಾಕೆ ಏನಾದ್ರೂ ಬೇಕಲ್ಲ ಕಣೆ."

ಆ ದಿನ ಅವನು ಕಡಿದದ್ದು ಐದು ಪೊದೆ. 'ಐದು ಪೊದೆ ಕಡಿದೆ' ಎಂದು ಬರೆದು ತಾನೇ ಎರಡು ಸಲ ಓದಿಕೊಂಡ. ತಮಾಷೆಯೆಂದರೆ, ಮರುದಿನ ಅವನಿಗೆ ಐದಕ್ಕಿಂತ ಕಡಿಮೆ ಬರೆಯಲು ನಾಚಿಕೆಯಾಯಿತು.

ಹೀಗೆ ಶುರುವಾದದ್ದು ನಿಂತು ನಿಂತು ಸಾಗಿತು. ಒಮ್ಮೆಲೇ ಅವನು ಕರ್ಮಯೋಗಿಯಾದ ಎಂದು ನಾನು ಬರೆದರೆ ರಾಮಮ್ಮ ನನಗೂ ಮುದ್ದೆ ಇಕ್ಕಲಾರಳು. ನೆಂಟರ ಮದುವೆಗೆ ಹಾಸನಕ್ಕೆ ಹೋದವನು ಎರಡು ದಿನಕ್ಕೆಂದು ಹೇಳಿ ಆರು ದಿನ ಉಳಿದ. ಬಂದ ಮೇಲೆ ಆರು ಸಾಲು 'ಏನೂ ಮಾಡಲಿಲ್ಲ' ಎಂದು ಬರೆಯಬೇಕಾಯಿತು. ಆರನೆಯ ಸಾಲಿಗೆ ಬರುವ ಹೊತ್ತಿಗೆ ಮದುವೆಯೂಟದ ರುಚಿಯೆಲ್ಲ ಬಾಯಿಂದ ಹೋಗಿತ್ತು. ಅಂದಿನಿಂದ ಅರ್ಜಿ ಬರೆಸುವವರಿಗೆ ಒಂದು ಕಟ್ಟುಪಾಡು ಮಾಡಿದ. ಸಂತೆಯ ದಿನ ಬೆಳಿಗ್ಗೆ ಮಾತ್ರ; ಮಿಕ್ಕ ದಿನ ಬಂದವರು ಹೊಲಕ್ಕೇ ಬರಬೇಕು, ಬಂದರೆ ಲಂಟಾನದ ಒಂದು ಬುಡ ಕಿತ್ತು ಹೋಗಬೇಕು. ಜನ ತಾವಾಗಿಯೇ ಕಡಿಮೆಯಾದರು.

ಮೇ ತಿಂಗಳ ಒಂದು ಸಂಜೆ ಜಗಳ ಬೇರೆ ಕಡೆಯಿಂದ ಎದ್ದಿತು. "ಇಪ್ಪತ್ತು ಬುಡ ಕಿತ್ತೆ," ಎಂದು ಮುತ್ತಮ್ಮ ಓದಿದ ಕೂಡಲೇ ವಿಶಾಲಾಕ್ಷಮ್ಮ ಸೌಟು ಕೆಳಗಿಟ್ಟಳು.

"ಇಪ್ಪತ್ತು ಯಾರು ಕಿತ್ತಿದ್ದು?"

"ಯಾಕೆ, ನಾವೇ."

"ನಾವು ಅಂತ ಬರ್ದಿಲ್ಲ. ಕಿತ್ತೆ ಅಂತ ಬರ್ದಿದ್ದೀರಿ. ಅದ್ರಲ್ಲಿ ಹನ್ನೆರಡು ನಂದು. ನೋಡಿ ಕೈನ." ಅಂಗೈ ತುಂಬ ಬೊಬ್ಬೆ ಎದ್ದಿತ್ತು. "ಮನೆಗೆ ಬಂದು ಹಿಟ್ಟು ತೊಳಸ್ದೋಳೂ ನಾನೇ. ಪುಸ್ತಕ ತುಂಬ ನೀವೊಬ್ರೆ!"

ರಾಮಮ್ಮ ಸೊಸೆಯ ಕಡೆ ನೋಡಿದಳು. ಮದುವೆಯಾಗಿ ಬಂದಂದಿನಿಂದ ಅವಳು ಇಷ್ಟು ಮಾತಾಡಿದ್ದನ್ನು ರಾಮಮ್ಮ ಕೇಳಿರಲಿಲ್ಲ. "ಸರಿ ಐತಲ್ಲ ಅವ್ಳು ಹೇಳೋದು," ಎಂದಳು.

ಸಣ್ಣಸ್ವಾಮಿ ಟಾಕು ತೆಗೆದ. 'ನಾನು ಎಂಟು ಬುಡ. ವಿಶಾಲಾಕ್ಷಿ ಹನ್ನೆರಡು.' ಬರೆದು ಮೂಗು ತಿಕ್ಕಿಕೊಂಡ. "ಇನ್ನು ಊರ್ನೋರು ಕೇಳಿದ್ರೆ ನಗ್ತಾರೆ," ಎಂದು ಗೊಣಗಿದ. ವಿಶಾಲಾಕ್ಷಮ್ಮ ಅವನಿಗೆ ಉಪ್ಪೆಸರು ಒಂದು ಸೌಟು ಹೆಚ್ಚಿಗೆ ಬಿಟ್ಟಳು.

ಅಲ್ಲಿಂದ ಮುಂದೆ ಸಾಲು ಉದ್ದವಾಗತೊಡಗಿತು. 'ಅವ್ವ ಕಡಿದ ಪೊದೆಯನ್ನೆಲ್ಲ ಗುಡ್ಡೆ ಹಾಕಿ ಸುಟ್ಟಳು.' 'ಮಳೆ. ಬುಟ್ಟಿ ಹೆಣೆದೆ.' ನಾಗರಾಜು ಎಸ್ಟೇಟಿನ ಮಾತು ಎತ್ತುವುದು ಕಡಿಮೆಯಾಯಿತು. ಒಂದು ದಿನ ಅವನು ತಟ್ಟೆಯ ಮುಂದೆ ಕೂತವನು, ಯಾರ ಮುಖವನ್ನೂ ನೋಡದೆ, "ಅಣ್ಣ, ಮ್ಯಾಲ್ಗಡೆ ಅರ್ಧ ಎಕರೆ ಉತ್ತಿವ್ನಿ. ನಂದೂ ಸೇರ್ಸು," ಎಂದ. ಸಣ್ಣಸ್ವಾಮಿ ಬರೆದ. ಮುತ್ತಮ್ಮ ಚಿಕ್ಕಪ್ಪನ ಹೆಸರು ಬಂದಾಗ ದನಿ ಏರಿಸಿ ಓದಿದಳು.

ಕಕ್ಕಡ ತಿಂಗಳ, ಎಂದರೆ ಆಷಾಢದ, ಮಳೆಯಲ್ಲಿ ಬಿದಿರಿನ ಮೆಳೆ ಕಳಲೆ ಕೊಟ್ಟಿತು. ಮನೆ ತುಂಬ ಕಳಲೆಯ ಪಲ್ಯದ ಹುಳಿವಾಸನೆ. ಉಣ್ಣಲು ಚೆನ್ನಾಗಿದ್ದರೂ ಅದನ್ನು ಕೊಟ್ಟ ಮೆಳೆ ಒಂದು ಎಕರೆ ನುಂಗಿಕೊಂಡು ಕೂತಿತ್ತು. ಮಿಕ್ಕ ಐದು ಎಕರೆಗೆ ರಾಗಿ ಬಿತ್ತಿ ಆಗಿತ್ತು. ಈ ಒಂದಕ್ಕೆ ಅಣ್ಣತಮ್ಮಂದಿರು ಹಾರೆ, ಮಚ್ಚು, ಬೆಂಕಿ ಎಲ್ಲ ಹಾಕಿ ನೋಡಿದರು. ಮುಳ್ಳು ಚುಚ್ಚಿ ನಾಗರಾಜುವಿನ ಕಾಲು ಬಾತುಕೊಂಡು ಹತ್ತು ದಿನ ಮಲಗಿದ. ತೊರೆಯ ಪಕ್ಕದ ಆ ಎಕರೆಯ ಮೇಲೇ ರಾಮಮ್ಮನಿಗೆ ಕಣ್ಣು. ಅಲ್ಲಿ ಭತ್ತ ಆಗುತ್ತದೆ, ವರ್ಷವಿಡೀ ತೇವ ಇರುತ್ತದೆ. ದಸರಾ ಕಳೆಯಿತು. ಪುಸ್ತಕದಲ್ಲಿ 'ಬಿದಿರು ನಾಲ್ಕು ಗಳ', 'ಬಿದಿರು ಆರು ಗಳ' ಎಂದು ಸಾಲು ಬೀಳುತ್ತಿತ್ತು. ಮೆಳೆಗೆ ಅದರ ಲಕ್ಷ್ಯವೇ ಇರಲಿಲ್ಲ.

ದೀಪಾವಳಿಯ ಮಾರನೆಯ ದಿನ ಗಂಗಣ್ಣ ಬಂದು ಜಗಲಿಯಲ್ಲಿ ಕೂತ.

"ಪಾರುಪತ್ತೇಗಾರ ದೇರಪ್ಪನೋರು ಬರೋ ಸೋಮವಾರ ಜಮೀನು ತನಿಖೆಗೆ ಬತ್ತಾರಂತೆ. ಕೇಳಿಲ್ಲಿ, ಮೇಲಿನ ಹೊಲ್ದಾಗೆ ರಾಗಿ ಒತ್ತಾಗಿರೋ ಕಡೆಯಿಂದ ಪೈರು ಕಿತ್ತು ಮೆಳೆ ಸುತ್ತ ನಾಕು ಸಾಲು ನೆಟ್ಬುಡು. ದಾರೀಲಿ ನಿಂತು ನೋಡಿದ್ರೆ ಎಲ್ಲಾ ರಾಗಿನೇ ಕಾಣ್ತದೆ. ಆ ದೊಡ್ಡ ಮನ್ಸ ಮುಳ್ಳಿನೊಳ್ಗೆ ನುಗ್ಗಿ ನೋಡ್ತಾರಾ? ಆಮ್ಯಾಕೆ ನಿಧಾನಕ್ಕೆ ಕಡ್ಕೊ."

ರಾಮಮ್ಮ ಬಾಗಿಲಲ್ಲೇ ನಿಂತಿದ್ದಳು. "ಒಳ್ಳೇ ಮಾತು ಹೇಳ್ದೆ ಕಣಪ್ಪ," ಎಂದಳು. "ಸ್ವಾಮಿ, ನಾಳೇನೇ ನೆಡಾನ."

ಸಣ್ಣಸ್ವಾಮಿ ತಾಯಿಯ ಮುಖವನ್ನೇ ನೋಡಿದ. "ಬ್ಯಾಡ ಕಣವ್ವ."

"ಬ್ಯಾಡ?"

"ಅವತ್ತು ಸಂಜೆಗೆ ಏನಂತ ಬರೀಲಿ?"

"ಏನೂ ಬರೀಬ್ಯಾಡ! ಆ ದರಿದ್ರದ ಪುಸ್ತಕಾನ ಒಲೆಗೆ ಹಾಕು!" ರಾಮಮ್ಮ ಹೊಸ್ತಿಲು ದಾಟಿ ಮುಂದೆ ಬಂದಳು. "ಸುಳ್ಳು ಅಂತ ಗೊತ್ತಾದ್ರೆ ಪೂರ್ತಿ ಕಿತ್ಕತಾರೆ ಅಂತ ಬರ್ದವ್ರಲ್ಲೋ. ಆರೂ ಹೋಗ್ತದೆ. ಹೆಣಕ್ಕೂ ಜಾಗ ಇರಾಕಿಲ್ಲ ನಮ್ಗೆ. ಇದೊಂದ್ಸಲ... ಇದೊಂದೇ ಸಲ ಕಣ್ಲಾ ಮಗ."

"ಅವ್ವ, ಆ ಅರ್ಜೀನ ನಾನು ಬರ್ದಾಗ್ಲೂ ಇದೊಂದೇ ಸಲ ಅಂದ್ಕೊಂಡೇ ಬರ್ದಿದ್ದು."

ರಾಮಮ್ಮ ನಾಲ್ಕು ದಿನ ಮಗನ ಜೊತೆ ಮಾತಾಡಲಿಲ್ಲ. ಸಂಜೆ ಮುತ್ತಮ್ಮ ಓದುವಾಗ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವಳದು ತಪ್ಪೆಂದು ಹೇಳುವ ಧೈರ್ಯ ನನಗಂತೂ ಇಲ್ಲ. ಹದಿನಾಲ್ಕು ವರ್ಷ ಇನ್ನೊಬ್ಬರ ಕಣದಲ್ಲಿ ಅರ್ಧ ಅಳೆದುಕೊಟ್ಟು ಬಂದವಳು ಅವಳು. ಅಣ್ಣತಮ್ಮಂದಿರು ಮಾತ್ರ ಭಾನುವಾರ ಹೊತ್ತು ಮುಳುಗುವವರೆಗೂ ಬಿದಿರು ಕಡಿದರು. ಹದಿನೇಳು ಗಳ ಬಿತ್ತು.

ಸೋಮವಾರ ದೇರಪ್ಪನವರು ಒಬ್ಬ ಗುಮಾಸ್ತರನ್ನೂ ಅಳತೆಯ ಸರಪಳಿ ಹೊತ್ತ ಇಬ್ಬರು ಆಳುಗಳನ್ನೂ ಕರೆದುಕೊಂಡು ಬಂದರು. ದೇರಪ್ಪನವರು ಕೊಡವರು, ಎತ್ತರದ ಮೈಕಟ್ಟು, ಮಾತು ಕಡಿಮೆ. ರಾಗಿ ತೆನೆ ಬಾಗಿ ನಿಂತಿತ್ತು. ಅವರು ಬದುವಿನ ಮೇಲೆ ನಿಂತು ಹಳೆಯ ಅರ್ಜಿಯನ್ನು ಬಿಚ್ಚಿದರು. ನಾಲ್ಕೂ ಹಾಳೆ ಗಾಳಿಗೆ ಪಟಪಟ ಎಂದವು.

"ಇದನ್ನು ಬರೆದದ್ದು ಯಾರು?"

"ನಾನೇ ಬುದ್ಧಿ."

"ಒಳ್ಳೆಯ ಕನ್ನಡ ಉಂಟು. ನಮಗೆ ಅರ್ಧ ಅರ್ಥ ಆಗಲಿಲ್ಲ." ಅವರು ಬೆರಳಿಟ್ಟು ಓದಿದರು. "'ಈ ದೀನನು ಏಕಾಂಗಿಯಾಗಿ ಆರು ಎಕರೆಯನ್ನೂ ಹಸನು ಮಾಡಿ ಉತ್ತಿರುತ್ತಾನೆ.' ಸರಿ. ಇಲ್ಲಿಂದ ಕಾಣುವುದೆಲ್ಲ ರಾಗಿಯೇ. ಆರೂ ಆಗಿದೆಯಾ?"

ಮೂರು ಹೆಜ್ಜೆ ಹಿಂದೆ ರಾಮಮ್ಮ ಸೊಸೆಯ ಕೈ ಹಿಡಿದುಕೊಂಡಳು. ಹೊಲ ತೊರೆಯ ಕಡೆಗೆ ಇಳಿಜಾರು. ನಿಂತ ಜಾಗದಿಂದ ಮೆಳೆಯ ತುದಿ ಮಾತ್ರ ಕಾಣುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತೋ ಏನೋ.

"ಇಲ್ಲ ಬುದ್ಧಿ," ಎಂದ ಸಣ್ಣಸ್ವಾಮಿ. "ಐದು ಎಕರೆ ಆಗೈತೆ. ಕೆಳಗ್ಲ ಒಂದೆಕ್ರೆ ಬಿದಿರು, ಆಗಿಲ್ಲ. ಈ ಅರ್ಜಿ ಬರ್ದಾಗ ಒಂದು ಸೆಂಟೂ ಆಗಿರ್ಲಿಲ್ಲ. ಸುಳ್ಳು ಬರ್ದಿದ್ದೆ."

ಗುಮಾಸ್ತರು ತಲೆಯೆತ್ತಿ ನೋಡಿದರು. ರಾಮಮ್ಮ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು.

"ಸುಳ್ಳು ಹೇಳಿಕೆಗೆ ಪೂರ್ತಿ ರದ್ದು ಅಂತ ಉಂಟು. ಗೊತ್ತುಂಟಾ?"

"ಗೊತ್ತು ಬುದ್ಧಿ."

"ಮತ್ತೆ ಯಾಕೆ ಹೇಳಿದ್ದು ಮಾರಾಯ?"

"ಇತ್ತೀಚ್ಗೆ ಸುಳ್ಳಿನ ಅಭ್ಯಾಸ ತಪ್ಪೋಗೈತೆ," ಎಂದ ಸಣ್ಣಸ್ವಾಮಿ.

ದೇರಪ್ಪನವರು ನಗಲಿಲ್ಲ. ಸರಪಳಿ ಹಿಡಿಸಿ ಅಳೆಸಿದರು. ತಾವೇ ಇಳಿಜಾರು ಇಳಿದು, ಮುಳ್ಳು ಸರಿಸಿ, ಮೆಳೆಯನ್ನೂ ಹೊಸದಾಗಿ ಕಡಿದ ಬಿದಿರ ಗಳಗಳನ್ನೂ ನೋಡಿ ಬಂದರು. ಆಮೇಲೆ ಗುಮಾಸ್ತರಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ಸಣ್ಣಸ್ವಾಮಿಗೆ ಕೊಟ್ಟರು.

"ಹಳೆಯ ಅರ್ಜಿ ವಾಪಸು ಕೊಡುತ್ತಿದ್ದೇನೆ, ನೀನು ಹಿಂದಕ್ಕೆ ಪಡೆದ ಹಾಗೆ; ಅದೇ ಇಲ್ಲದಿದ್ದರೆ ಸುಳ್ಳೂ ಇಲ್ಲ, ರದ್ದೂ ಇಲ್ಲ. ಈಗ ಹೊಸದು ಬರಿ. ಇಲ್ಲಿ ಏನುಂಟೋ ಅದನ್ನು ಮಾತ್ರ."

ಸಣ್ಣಸ್ವಾಮಿ ಬದುವಿನ ಮೇಲೆ ಕೂತು, ಮಂಡಿಯ ಮೇಲೆ ಹಾಳೆ ಇಟ್ಟುಕೊಂಡ. ಘನವೆತ್ತ ಪ್ರಭುಗಳು, ದಿವ್ಯ ಸನ್ನಿಧಾನ ಎಲ್ಲ ಒಂದು ಗಳಿಗೆ ಪೆನ್ನಿನ ತುದಿಗೆ ಬಂದು ನಿಂತಿರಬಹುದು. ಅವನು ಬರೆದು ಮುಗಿಸಲು ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. ದೇರಪ್ಪನವರು ಗಟ್ಟಿಯಾಗಿ ಓದಿದರು.

"'ಐದು ಎಕರೆ ಉತ್ತು ರಾಗಿ ಬೆಳೆದಿದ್ದೇವೆ. ಒಂದು ಎಕರೆ ಆಗಿಲ್ಲ. ಮಾಡಿದವರು ನನ್ನ ತಾಯಿ ರಾಮಮ್ಮ, ನನ್ನ ಹೆಂಡತಿ ವಿಶಾಲಾಕ್ಷಮ್ಮ, ನನ್ನ ತಮ್ಮ ನಾಗರಾಜು ಮತ್ತು ನಾನು. ಐದು ಎಕರೆ ಕೊಡಬೇಕು.' ಇಷ್ಟೇನಾ?"

"ಇಷ್ಟೇ ಇರೋದು ಬುದ್ಧಿ."

ರಾಮಮ್ಮ ಮಣ್ಣಿನಿಂದ ಎದ್ದು ಬಂದಳು. "ನನ್ ಹೆಸ್ರು ಯಾಕೋ ಬರ್ದೆ ಸರ್ಕಾರದ ಕಾಗದ್ದಾಗೆ?"

"ಮಾಡ್ದೋಳು ನೀನಲ್ವೇನವ್ವ?"

ಪಡಿತರ ಚೀಟಿ ಬಿಟ್ಟರೆ ರಾಮಮ್ಮನ ಹೆಸರು ಯಾವ ಕಾಗದದ ಮೇಲೂ ಬಂದಿರಲಿಲ್ಲ. ದೇರಪ್ಪನವರು ಹಾಳೆಯ ಕೆಳಗೆ ಎರಡು ಸಾಲು ಬರೆದು ರುಜು ಹಾಕಿ, ಗುಮಾಸ್ತರ ಕೈಗೆ ಕೊಟ್ಟರು.

"ಐದಕ್ಕೆ ಶಿಫಾರಸು ಮಾಡಿದ್ದೇನೆ. ಹೆಚ್ಚುಕಮ್ಮಿ ಆಗಲಿಕ್ಕಿಲ್ಲ. ಆರನೆಯದು ಸರ್ಕಾರಕ್ಕೇ ಹೋಯಿತು. ಬೇಕಾದರೆ ಮುಂದೆ ಇನ್ನೊಂದು ಅರ್ಜಿ ಕೊಡಬಹುದು, ಬೇರೆ ಯಾರೂ ಕೇಳದಿದ್ದರೆ."

ಅವರು ಹೋದ ಮೇಲೆ ಮನೆಯವರು ಹೊಲದಲ್ಲೇ ನಿಂತಿದ್ದರು. ನಾಗರಾಜು ಸುಮ್ಮನೆ ನಗುತ್ತಿದ್ದ. ವಿಶಾಲಾಕ್ಷಮ್ಮ ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ, ಊದಿ, ಹೊಸ ರಾಗಿಯನ್ನು ಅತ್ತೆಯ ಕೈಗೆ ಹಾಕಿದಳು. ರಾಮಮ್ಮ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯುತ್ತ ಅತ್ತಳು. ಅಳುತ್ತಲೇ ಬಯ್ದಳು ಕೂಡ.

"ತೊರೆ ಪಕ್ಕದ ಬಂಗಾರದಂಥ ಎಕ್ರೆ ಕಣ್ಲಾ. ಬಾಯಿ ಮುಚ್ಕೊಂಡಿದ್ರೆ ಸಿಕ್ತಿತ್ತು."

"ಸಿಕ್ತಿತ್ತೇನೋ ಅವ್ವ."

"ಇನ್ನೊಂದು ಅರ್ಜಿ ಕೊಡಬೌದು ಅಂದ್ರಲ್ಲ. ಅದನ್ನ ಯಾವಾಗ ಬರೀತೀಯ?"

"ಬಿದಿರು ಬಿದ್ಮ್ಯಾಕೆ."

ರಾಮಮ್ಮ ಕಣ್ಣೊರೆಸಿಕೊಂಡು ಸೂರ್ಯನ ಕಡೆ ನೋಡಿದಳು. ಮುಳುಗಲು ಇನ್ನೂ ಎರಡು ಮಾರು ಇತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಂಗಾರೆ ಇಲ್ಯಾಕ್ ನಿಂತಿದ್ದೀಯ? ಮಚ್ಚು ತಗೊ, ನಡಿ," ಎಂದು ಇಳಿಜಾರಿನ ಕಡೆ ತಾನೇ ಮುಂದೆ ಹೊರಟಳು.